ಹುಡುಗರಿಗೆ ಬೋರ್ ಆಗಬಾರದು, ದೊಡ್ಡವರಿಗೆ ಭಯ ಇರಬಾರದು: ಕಡಲತೀರದ ವಿಲ್ಲಾ ಹಿಡಿಯುವ ಮುನ್ನ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಯಜಮಾನರದು ಬಟ್ಟೆ ವ್ಯಾಪಾರ, ನಾನು ಶಾಲಾ ಶಿಕ್ಷಕಿ. ಮಗಳು ಒಂಬತ್ತನೇ ತರಗತಿ, ಮಗ ಏಳನೇ ತರಗತಿ. ಈ ಸಲ ಡಿಸೆಂಬರ್ ಕೊನೆಯ ವಾರ ನಾದಿನಿಯ ಕುಟುಂಬವೂ ಸೇರಿ ಗೋಕರ್ಣದ ಹತ್ತಿರ ಈಜುಕೊಳವಿರುವ ವಿಲ್ಲಾವನ್ನು ನಾಲ್ಕು ರಾತ್ರಿಗೆ ಹಿಡಿಯೋಣ ಅಂತಿದ್ದೇವೆ. ಅತ್ತೆಯವರೂ ಬರುತ್ತಾರೆ, ಒಟ್ಟು ಎಂಟು ಜನ. ಹೋದ ವರ್ಷ ಒಂದು ರೆಸಾರ್ಟಿಗೆ ಹೋಗಿದ್ದಾಗ ಹುಡುಗರು ಹತ್ತು ಗಂಟೆಯವರೆಗೆ ಮಲಗಿದರು, ಎದ್ದ ಮೇಲೆ ಮೊಬೈಲ್ ಹಿಡಿದು ಕೂತರು. ಕಾರಿನಲ್ಲಿ ಜಗಳ, ಮನೆಗೆ ಬಂದಾಗ ಎಲ್ಲರಿಗೂ ಸುಸ್ತು. ನಾದಿನಿಯ ಮಗ ಪ್ರಥಮ ಪಿಯುಸಿ. "ಭದ್ರಾ ನಾಲೆಯಲ್ಲಿ ಈಜಿದವನು ನಾನು, ಸಮುದ್ರ ಏನು ಲೆಕ್ಕ" ಅನ್ನುತ್ತಾನೆ, ಅಲ್ಲಿ ಸ್ಕೂಟರ್ ಬಾಡಿಗೆಗೆ ತಗೊಳ್ತೀನಿ ಅಂತಲೂ ಹಟ. ವಿಲ್ಲಾದಲ್ಲೇ ಈಜುಕೊಳ ಇರುವುದರಿಂದ ಮಕ್ಕಳು ಸಮುದ್ರಕ್ಕೆ ಇಳಿಯುವುದಿಲ್ಲ, ಭಯವಿಲ್ಲ ಎಂಬುದು ಯಜಮಾನರ ಮಾತು. ವಿಲ್ಲಾದವರು ಅರ್ಧ ಹಣವನ್ನು ಒಂದು ಫೋನ್ ನಂಬರಿಗೆ ಹಾಕಿ ಅನ್ನುತ್ತಿದ್ದಾರೆ. ಹೋಗಬಹುದೇ? ಗೋಕರ್ಣವೇ ಸರಿಯೋ, ಬೇರೆ ಕಡೆ ನೋಡಬೇಕೋ?

ಉತ್ತರ: ಹೋಗಬಹುದು, ಧಾರಾಳವಾಗಿ ಹೋಗಿ. ಆದರೆ ಈಗಿರುವ ಯೋಜನೆಯಲ್ಲಿ ಎರಡು ಮೂರು ಕಡೆ ಕೈ ಹಾಕಬೇಕು.

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಹುಡುಗರು ಖುಷಿಯಾಗಿರುತ್ತಾರಾ ಎನ್ನುವುದು ಒಂದು, ಏನೂ ಆಗದೆ ವಾಪಸ್ ಬರುತ್ತಾರಾ ಎನ್ನುವುದು ಇನ್ನೊಂದು. ನಮ್ಮ ಬಯಲುಸೀಮೆಯಿಂದ ಕರಾವಳಿಗೆ ಕುಟುಂಬಗಳನ್ನು ಕಳಿಸುವ ಕೆಲಸದಲ್ಲಿ ನಾನು ಕಂಡ ಮಟ್ಟಿಗೆ, ಬಹಳ ಮನೆಯವರು ಬಿಗಿ ಮಾಡಬೇಕಾದ ಕಡೆ ಸಡಿಲ ಬಿಡುತ್ತಾರೆ, ಸಡಿಲ ಬಿಡಬೇಕಾದ ಕಡೆ ಬಿಗಿ ಮಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಏಳಬೇಕು, ಏಳೂವರೆಗೆ ದೇವಸ್ಥಾನ, ಹನ್ನೊಂದಕ್ಕೆ ಕೋಟೆ, ಮಧ್ಯಾಹ್ನ ಜಲಪಾತ ಎಂದು ವೇಳಾಪಟ್ಟಿ ಹಾಕುತ್ತಾರೆ. ನೀರಿನ ಹತ್ತಿರ ಬಂದ ಕೂಡಲೇ "ಹುಷಾರಪ್ಪಾ" ಎಂದಷ್ಟೇ ಹೇಳಿ ಫೋಟೊ ತೆಗೆಯಲು ನಿಲ್ಲುತ್ತಾರೆ. ನೀವು ಇದನ್ನು ತಿರುಗಿಸಿ ಹಾಕಿ. ನೀರಿನ ನಿಯಮ ಕಲ್ಲಿನ ಮೇಲೆ ಕೆತ್ತಿದಂತಿರಲಿ, ಉಳಿದದ್ದೆಲ್ಲ ಹೇಗೋ ನಡೆದುಕೊಳ್ಳಲಿ.

ಮೊದಲು ಯಜಮಾನರ ಮಾತಿಗೇ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು ಅದೇ. ಈಜುಕೊಳವಿದ್ದರೆ ಸುರಕ್ಷಿತ ಎನ್ನುವುದು ತಪ್ಪು ತಿಳಿವಳಿಕೆ. 2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಒಬ್ಬರು ಆಳದ ಕಡೆ ಜಾರಿದರು, ಹಿಡಿಯಲು ಹೋದವರೂ ಸಿಕ್ಕಿಕೊಂಡರು. ಸಮುದ್ರ ಅಲ್ಲೇ ಪಕ್ಕದಲ್ಲಿತ್ತು, ಜೀವ ಹೋದದ್ದು ಕೊಳದಲ್ಲಿ. ಖಾಸಗಿ ವಿಲ್ಲಾದ ಕೊಳಕ್ಕೆ ಸಾಮಾನ್ಯವಾಗಿ ಕಾವಲುಗಾರ ಇರುವುದಿಲ್ಲ, ನೀರಿನ ಆಳವನ್ನು ಗೋಡೆಯ ಮೇಲೆ ಬರೆದಿರುವುದೂ ಅಪರೂಪ. ತಳದ ಹೆಂಚು ನುಣುಪು. ಮೂರೂವರೆ ಅಡಿಯಿಂದ ಆರು ಅಡಿಗೆ ಇಳಿಜಾರಾಗಿದ್ದರೆ ಮಧ್ಯದಲ್ಲಿ ಕಾಲು ಜಾರುವುದು ಕ್ಷಣದ ಕೆಲಸ. ಮೇಲಾಗಿ ಮುಳುಗುತ್ತಿರುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ಉಸಿರಿಗೇ ಪರದಾಡುತ್ತಿರುವಾಗ ದನಿ ಎಲ್ಲಿಂದ ಬರಬೇಕು? ಹತ್ತು ಅಡಿ ದೂರದಲ್ಲಿ ಕುರ್ಚಿ ಹಾಕಿ ಮಾತಾಡುತ್ತ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ವಿಲ್ಲಾದವರಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು ಬಾಡಿಗೆಯಲ್ಲ, ಕೊಳದ ಆಳ. ಎಲ್ಲಿ ಎಷ್ಟು ಅಡಿ, ಇಳಿಜಾರು ಎಲ್ಲಿಂದ ಶುರು, ರಾತ್ರಿ ದೀಪ ಇದೆಯೇ, ಬಾಗಿಲು ಅಥವಾ ಬೇಲಿ ಹಾಕಿ ಮುಚ್ಚಬಹುದೇ, ಲೈಫ್ ಜಾಕೆಟ್ ಮತ್ತು ಎಸೆಯುವ ರಿಂಗ್ ಇವೆಯೇ. "ನಾಲ್ಕೂವರೆ ಅಡಿ ಇರಬಹುದು ಮೇಡಂ" ಎಂಬ ಉತ್ತರ ಬಂದರೆ ಅಳೆದು ಹೇಳಿ ಅನ್ನಿ. ಅಳೆದು ಹೇಳದವರು ಬೇರೆ ಯಾವುದಕ್ಕೂ ಸರಿಯಾಗಿ ಉತ್ತರ ಕೊಡುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಒಂದೇ ಒಂದು ಕ್ರಮ ಇಟ್ಟುಕೊಳ್ಳಿ: ಮಕ್ಕಳು ನೀರಿನಲ್ಲಿದ್ದಾಗ ಒಬ್ಬ ದೊಡ್ಡವರು ಕಾಯುವ ಪಾಳಿಯಲ್ಲಿರಬೇಕು. ಅವರ ಕೈಯಲ್ಲಿ ಫೋನ್ ಇರಬಾರದು, ಅವರು ಕುಡಿದಿರಬಾರದು, ಅರ್ಧ ಗಂಟೆಗೊಮ್ಮೆ ಪಾಳಿ ಬದಲಾಗಬೇಕು. ನಾಲ್ವರು ದೊಡ್ಡವರಿದ್ದೀರಿ, ಭಾರ ಆಗುವುದಿಲ್ಲ. "ಎಲ್ಲರೂ ನೋಡ್ತಾ ಇದ್ದೀವಲ್ಲ" ಎಂದಲ್ಲಿ ಯಾರೂ ನೋಡುತ್ತಿರುವುದಿಲ್ಲ. ರಾತ್ರಿ ಊಟವಾದ ಮೇಲೆ ಕೊಳ ಬಂದ್. ಹುಡುಗರು ಗೊಣಗುತ್ತಾರೆ, ಗೊಣಗಲಿ.

ಇನ್ನು ಭದ್ರಾ ನಾಲೆಯ ಈಜುಗಾರನ ವಿಷಯ. ನಾಲೆಯಲ್ಲಿ ಈಜುವುದು ಸಣ್ಣ ಧೈರ್ಯವೇನಲ್ಲ, ನಾಲೆಯೂ ಎಷ್ಟೋ ಹುಡುಗರನ್ನು ಬಲಿ ತೆಗೆದುಕೊಂಡಿದೆ. ಆದರೆ ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಎರಡೂ ದಡ ಕಣ್ಣೆದುರು ಇರುತ್ತವೆ. ಸಮುದ್ರದ ಲೆಕ್ಕ ಬೇರೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ವಾಪಸ್ ಹೋಗಲೇಬೇಕು. ಮರಳ ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಕ್ಕಿತೋ ಅಲ್ಲಿ ಒಟ್ಟುಗೂಡಿ ಕಿರಿದಾದ ಹೊಳೆಯಂತೆ ಒಳಸಮುದ್ರದ ಕಡೆ ನುಗ್ಗುತ್ತದೆ. ಇದೇ ಸೆಳೆತ. ಜೋರಾದಾಗ ಸೆಕೆಂಡಿಗೆ 8 ಅಡಿಯಷ್ಟು ವೇಗ ಮುಟ್ಟಬಲ್ಲದು. ಒಲಿಂಪಿಕ್ ಈಜುಗಾರನೂ ಅದಕ್ಕೆ ಎದುರು ಈಜಿ ಗೆಲ್ಲಲಾರ.

ಇದರಲ್ಲಿ ಕಣ್ಣಿಗೆ ಮೋಸ ಮಾಡುವ ಸಂಗತಿಯೊಂದಿದೆ. ಸೆಳೆತವಿರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿ ಬಿಳಿ ನೊರೆ ಏಳುತ್ತಿದ್ದರೆ ನಡುವೆ ಶಾಂತವಾದ, ಸ್ವಲ್ಪ ಕಪ್ಪಗೆ ಕಾಣುವ ಪಟ್ಟಿಯೊಂದು ಇರುತ್ತದೆ. ಈಜು ಬಾರದ ಬಯಲುಸೀಮೆಯವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಎಂದು ಆರಿಸಿಕೊಳ್ಳುವುದು ಅದನ್ನೇ. ಮತ್ತೊಂದು ತಪ್ಪು ನಂಬಿಕೆ ಎಂದರೆ ಸಮುದ್ರ ಕಾಲು ಹಿಡಿದು ಕೆಳಕ್ಕೆ ಎಳೆಯುತ್ತದೆ ಎಂಬುದು. ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಬಲ ಕುಗ್ಗುತ್ತದೆ. ಜನ ಸಾಯುವುದು ಗಾಬರಿಯಿಂದ ದಡದ ಕಡೆಗೇ ಈಜಿ, ಕೈಕಾಲು ಸೋತು. ಸಿಕ್ಕಿಕೊಂಡರೆ ಬೆನ್ನ ಮೇಲೆ ತೇಲಬೇಕು, ಕೈ ಎತ್ತಿ ತೋರಿಸಬೇಕು, ಸೆಳೆತ ಸಡಿಲವಾದಾಗ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗ ಸಿಕ್ಕ ಮೇಲೆ ಅಲೆಯ ಜೊತೆ ಹೊರಬರಬೇಕು. ನಾದಿನಿಯ ಮಗನಿಗೆ "ನಿನಗೆ ಈಜು ಬರಲ್ಲ ಬಿಡು" ಎಂದು ಹೀಗಳೆಯಬೇಡಿ, ಆ ವಯಸ್ಸಿಗೆ ಅದು ಸವಾಲಾಗಿ ಕೇಳಿಸುತ್ತದೆ. ಈ ಸೆಳೆತದ ವಿಚಾರವನ್ನು ಅವನಿಗೇ ಓದಿಸಿ, ಸಣ್ಣವರಿಬ್ಬರಿಗೂ ನೀನೇ ವಿವರಿಸು ಎಂದು ಹೇಳಿ. ದಡದಲ್ಲಿ ನಿಂತು ಸೆಳೆತದ ಪಟ್ಟಿ ಎಲ್ಲಿದೆ ಎಂದು ಗುರುತಿಸುವ ಕೆಲಸವನ್ನು ಅವನಿಗೆ ವಹಿಸಿದರೆ ಹಟಮಾರಿ ಹುಡುಗನೂ ಜವಾಬ್ದಾರಿ ಹೊರುವುದನ್ನು ನೋಡಿದ್ದೇನೆ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬಾರದು ಎಂಬುದನ್ನು ಎಂಟೂ ಜನಕ್ಕೆ ಹೇಳಿಡಿ. ಹಗ್ಗ, ಖಾಲಿ ನೀರಿನ ಕ್ಯಾನ್, ಫುಟ್‌ಬಾಲ್, ತೇಲುವಂಥದ್ದು ಏನಿದ್ದರೂ ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಜೀನ್ಸ್ ಪ್ಯಾಂಟ್, ದುಪಟ್ಟಾ ಹಾಕಿಕೊಂಡು ನೀರಿಗಿಳಿಯುವುದು ಬೇಡ, ಒದ್ದೆಯಾದ ಬಟ್ಟೆಯೇ ಕಾಲು ಕಟ್ಟುತ್ತದೆ. ಗಾಳಿ ತುಂಬಿದ ಟ್ಯೂಬನ್ನು ಸಮುದ್ರಕ್ಕೆ ಒಯ್ಯಲೇಬೇಡಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ, ಟ್ಯೂಬಿನ ಮೇಲೆ ಕೂತ ಹುಡುಗ ನಗುನಗುತ್ತಲೇ ದೂರ ಹೋಗಿರುತ್ತಾನೆ.

ಡಿಸೆಂಬರಿನಲ್ಲಿ ಸಮುದ್ರ ಶಾಂತ, ಆಗ ಏನೂ ಆಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲಕ್ಕೆ ಹೋಲಿಸಿದರೆ ಶಾಂತ, ನಿಜ. ಆದರೂ 2024ರ ಡಿಸೆಂಬರಿನಲ್ಲೇ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನೀವು ಶಿಕ್ಷಕಿ, ಆ ಸುದ್ದಿ ನಿಮಗೆ ಹೇಗೆ ತಟ್ಟಿರಬೇಕೆಂದು ಊಹಿಸಬಲ್ಲೆ. ಕಾಲ ಒಳ್ಳೆಯದಿದ್ದರೆ ಅಪಾಯ ಕಡಿಮೆಯಾಗುತ್ತದೆ ಅಷ್ಟೆ, ಇಲ್ಲವಾಗುವುದಿಲ್ಲ. ಬೇಸಿಗೆ ರಜೆಗೆ ಮುಂದೂಡೋಣವೇ ಎಂದುಕೊಂಡರೆ, ಏಪ್ರಿಲ್–ಮೇ ತಿಂಗಳಲ್ಲಿ ಬೆವರಿಳಿಸುವ ಸೆಖೆಯ ಜೊತೆಗೆ ಮತ್ತೊಂದು ತಾಪತ್ರಯವಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಉಬ್ಬರದ ಅಲೆಗಳು ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ದಡಕ್ಕೆ ಬಂದು ಅಪ್ಪಳಿಸುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಹಿಂದಿನ ದಿನ ಯಾರಾದರೂ ಒಬ್ಬರು ಅದನ್ನು ನೋಡಲಿ.

ಗೋಕರ್ಣವೇ ಆಗಬೇಕೇ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಿಮ್ಮ ಎಂಟು ಜನರ ತಂಡಕ್ಕೆ, ಅದೂ ವರ್ಷದ ಕೊನೆಯ ವಾರ, ಗೋಕರ್ಣ ನನ್ನ ಮೊದಲ ಆಯ್ಕೆಯಲ್ಲ. ಊರು ಚಂದ, ಮಹಾಬಲೇಶ್ವರನ ದರ್ಶನ ಅತ್ತೆಯವರಿಗೆ ಖುಷಿ ಕೊಡುತ್ತದೆ, ಮಿರ್ಜಾನ್ ಕೋಟೆ ಹತ್ತಿರ. ಆದರೆ ಕುಡ್ಲೆ, ಓಂ ಬೀಚ್‌ಗಳಿಗೆ ಮೆಟ್ಟಿಲಿಳಿದು ಹೋಗಬೇಕು, ಮಂಡಿನೋವಿನವರಿಗೆ ಕಷ್ಟ. ಹೊಸವರ್ಷದ ಹೊತ್ತಿಗೆ ಬೆಂಗಳೂರಿನಿಂದ ಬರುವ ಗುಂಪುಗಳ ಪಾರ್ಟಿ, ಕುಡಿತ, ಸಂಜೆಯ ಹೊತ್ತು ಗಾಂಜಾ ವಾಸನೆ, ಇವೆಲ್ಲ ಅಲ್ಲಿ ಗುಟ್ಟಿನ ಸಂಗತಿಗಳಲ್ಲ. ಹದಿನೇಳರ ಹುಡುಗನಿಗೆ ಅದೇ ಆಕರ್ಷಣೆ, ಹದಿನೈದರ ಹುಡುಗಿಗೆ ಅದೇ ಮುಜುಗರ. ಅಲ್ಲಿನ ಬಂಡೆಗಳೂ ಅಷ್ಟೆ. ಒದ್ದೆ ಬಂಡೆಯ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ರೀಲ್ಸ್ ತೆಗೆಯಲು ಹೋಗಿ ಅಲೆಗೆ ಕೊಚ್ಚಿಹೋದವರಿದ್ದಾರೆ.

ಅದೇ ಹಾದಿಯಲ್ಲಿ ಕುಮಟಾದಿಂದ ಸ್ವಲ್ಪ ದಕ್ಷಿಣಕ್ಕೆ ಹೊನ್ನಾವರ–ಕಾಸರಕೋಡು ಕಡೆ ನೋಡಿ. ಕಾಸರಕೋಡಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕರ್ನಾಟಕದಲ್ಲಿ ಅದರ ಜೊತೆಗೇ ಮಾನ್ಯತೆ ಪಡೆದದ್ದು ಉಡುಪಿ ಜಿಲ್ಲೆಯ ಪಡುಬಿದ್ರಿ. ಈ ಮಾನ್ಯತೆಗೆ ನೀರಿನ ಪರೀಕ್ಷೆ, ಜೀವರಕ್ಷಕರು, ಗುರುತು ಮಾಡಿದ ಈಜುವ ಜಾಗ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇರಲೇಬೇಕು. ಹೆಣ್ಣುಮಕ್ಕಳಿರುವ ಕುಟುಂಬಕ್ಕೆ ಈ ಕೊನೆಯ ಎರಡರ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಕಡೆ ಹಿನ್ನೀರಿನ ದೋಣಿ ವಿಹಾರವಿದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ನಡೆದಾರಿ ಇದೆ. ಅಲೆ ಕಂಡರೆ ಹೆದರುವ ಅಜ್ಜಿಯೂ ಅಲ್ಲಿ ಆರಾಮಾಗಿ ಸುತ್ತಬಹುದು. ಮುರುಡೇಶ್ವರ ಅಲ್ಲಿಂದ ದೂರವಿಲ್ಲ. ಅಲ್ಲಿನ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, 123 ಅಡಿಯ ಶಿವನ ಪ್ರತಿಮೆಯನ್ನು ಮೇಲಿನಿಂದ ನೋಡಬಹುದು.

ಕುಂದಾಪುರದ ಕಡೆ ಹೋಗುವುದಾದರೆ ಮರವಂತೆ, ತ್ರಾಸಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ನೋಟಕ್ಕೆ ಅದನ್ನು ಮೀರಿಸುವ ಜಾಗ ನಮ್ಮ ಕರಾವಳಿಯಲ್ಲಿ ಕಡಿಮೆ. ಆದರೆ ಹೆದ್ದಾರಿಯನ್ನು ದಾಟಿ ಬೀಚಿಗೆ ಹೋಗಬೇಕು, ಲಾರಿಗಳ ವೇಗ ನೋಡಿದರೆ ನನಗೆ ಅಲೆಗಿಂತ ಅದೇ ಭಯ. ಇನ್ನೂ ಕೆಳಗೆ ಕಾಪು, ಪಡುಬಿದ್ರಿ, ಮೂಲ್ಕಿ. ಕಾಪುವಿನ ದೀಪಸ್ತಂಭ 1901ರದ್ದು. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ, ಹದಿಹರೆಯದವರಿಗೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ನನಗೆ ಗೊತ್ತಿಲ್ಲ. ತರಬೇತುದಾರರ ಕೈಕೆಳಗೆ ಎರಡು ತಾಸು ಅಲೆಯೊಂದಿಗೆ ಗುದ್ದಾಡಿದ ಹುಡುಗ ರಾತ್ರಿ ಒಂಬತ್ತಕ್ಕೇ ನಿದ್ದೆ ಹೋಗುತ್ತಾನೆ, ಮೊಬೈಲ್ ನೆನಪಾಗುವುದಿಲ್ಲ. ಉಡುಪಿ ಸುತ್ತಮುತ್ತ ಶುದ್ಧ ಸಸ್ಯಾಹಾರದ ಊಟ ಸುಲಭವಾಗಿ ಸಿಗುತ್ತದೆ, ಅತ್ತೆಯವರಿಗೆ ಅನುಕೂಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ ಓಡಾಡುತ್ತದೆ. ಅಲ್ಲಿನ ಕಂಬದಂಥ ಬಂಡೆಗಳು ಲಾವಾ ತಣ್ಣಗಾಗಿ ಆದವು, ಶಿಕ್ಷಕಿಯಾದ ನಿಮಗೆ ಪಾಠ ಮಾಡಲು ಆಸೆಯಾಗುತ್ತದೆ. ಮಾಡಬೇಡಿ.

ಗೋವಾ? ದಕ್ಷಿಣ ಗೋವಾದಲ್ಲಿ ವಿಲ್ಲಾಗಳು ಧಾರಾಳ, ಬೀಚ್‌ಗಳಲ್ಲಿ ಜೀವರಕ್ಷಕರ ವ್ಯವಸ್ಥೆಯೂ ನಮಗಿಂತ ಚೆನ್ನಾಗಿದೆ. ಕೆಂಪು–ಹಳದಿ ಬಾವುಟಗಳ ನಡುವೆ ಈಜಬಹುದು, ಬರೀ ಕೆಂಪು ಬಾವುಟವಿದ್ದಲ್ಲಿ ಇಳಿಯಬಾರದು. ಆದರೆ ವರ್ಷದ ಕೊನೆಯ ವಾರದ ಗೋವಾ ಅಂದರೆ ರಜೆ ಅಲ್ಲ, ಜಾತ್ರೆ. ಈ ಸಲಕ್ಕೆ ಬಿಡಿ.

ದಾರಿಯ ಬಗ್ಗೆ ಒಂದು ಮಾತು. ದಾವಣಗೆರೆಯಿಂದ ಹಾವೇರಿ, ಶಿರಸಿ, ದೇವಿಮನೆ ಘಟ್ಟ, ಕುಮಟಾ. ಇನ್ನೂರು ಕಿ.ಮೀ.ಗಿಂತ ಹೆಚ್ಚು, ಘಟ್ಟ ಇರುವುದರಿಂದ ಆರು ತಾಸು ಹಿಡಿಯಿರಿ. ಆ ರಸ್ತೆ ಅಗಲಿಸುವ ಕಾಮಗಾರಿಗಾಗಿ ಘಟ್ಟದ ಸಂಚಾರವನ್ನು ಆಗಾಗ ನಿಲ್ಲಿಸಿದ್ದುಂಟು. ಹೊರಡುವ ಮುನ್ನ ಶಿರಸಿ ಕಡೆಯವರನ್ನು ವಿಚಾರಿಸಿ. ಮುಚ್ಚಿದ್ದರೆ ಶಿವಮೊಗ್ಗ, ಸಾಗರ, ಹೊನ್ನಾವರದ ದಾರಿ ಇದ್ದೇ ಇದೆ. ಎರಡು ಕಾರು ತೆಗೆದುಕೊಂಡು ಹೋಗುವುದಕ್ಕಿಂತ ಒಂದು ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಳ್ಳಿ. ಡ್ರೈವರ್ ಬಾಟಾ ಸೇರಿಸಿದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಹೋಗುವಾಗಲೇ ಗಂಡಸರಿಗೆ ವಿಶ್ರಾಂತಿ, ಹುಡುಗರು ಹಿಂದಿನ ಸೀಟಿನಲ್ಲಿ ಒಟ್ಟಿಗೆ. ವಾಂತಿ ಬರುವವರನ್ನು ಮಾತ್ರ ಮುಂದೆ ಕೂರಿಸಿ, ಶಿರಸಿಯಿಂದ ಮುಂದೆ ಅವರು ಮೊಬೈಲ್ ನೋಡಬಾರದು, ದೂರದ ರಸ್ತೆಯನ್ನು ನೋಡುತ್ತಿರಬೇಕು. ಬೆಳಿಗ್ಗೆ ಬೆಣ್ಣೆದೋಸೆ ಬಾರಿಸಿ ಘಟ್ಟ ಇಳಿಯುವ ಸಾಹಸ ಬೇಡ. ದಾರಿಯಲ್ಲಿ ಯಾಣ ಅಥವಾ ಬೇರೆ ಕಾಡಿನ ಜಾಗ ಸೇರಿಸಿಕೊಳ್ಳುವುದಾದರೆ ಉದ್ದ ತೋಳಿನ ಬಟ್ಟೆ ಹಾಕಿ, ಬಂದ ಮೇಲೆ ರಕ್ತ ಹೀರುವ ಉಣುಗು ಹತ್ತಿದೆಯೇ ಎಂದು ಮೈ ನೋಡಿಕೊಳ್ಳಿ. ಮಲೆನಾಡಿನ ಆ ಭಾಗದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ ಶುರುವಾಗುವುದು ಡಿಸೆಂಬರಿನ ಹೊತ್ತಿಗೇ.

ಈಗ ಹುಡುಗರ ಬೇಸರದ ವಿಷಯ. ಹತ್ತು ಗಂಟೆಯವರೆಗೆ ಮಲಗುವುದು ಸೋಮಾರಿತನ ಎಂದು ನಾವೆಲ್ಲ ಬೈಯುತ್ತೇವೆ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸಲು ಶುರುವಾಗುತ್ತದೆ. ದೇಹದ ಗಡಿಯಾರವೇ ಹಿಂದಕ್ಕೆ ಸರಿದಿರುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ವರ್ಷವಿಡೀ ಐದಕ್ಕೆದ್ದು ಟ್ಯೂಷನ್‌ಗೆ ಓಡುವ ಮಕ್ಕಳು ರಜೆಯಲ್ಲಿ ಆ ಬಾಕಿ ತೀರಿಸಿಕೊಳ್ಳುತ್ತಾರೆ. ತೀರಿಸಿಕೊಳ್ಳಲಿ ಬಿಡಿ. ಅತ್ತೆಯವರು ಆರಕ್ಕೆದ್ದು ಪೂಜೆ ಮಾಡಿಕೊಳ್ಳಲಿ, ನೀವೂ ನಾದಿನಿಯೂ ತೀರದಲ್ಲಿ ನಡೆದು ಬನ್ನಿ, ಯಜಮಾನರು ಪೇಪರ್ ಓದಲಿ. ತಿಂಡಿ ಹತ್ತೂವರೆಯವರೆಗೆ ಮುಚ್ಚಿಟ್ಟಿರಲಿ. ರೆಸಾರ್ಟಿಗಿಂತ ವಿಲ್ಲಾ ಮೇಲು ಅನ್ನಿಸುವುದು ಇಲ್ಲಿಯೇ: ಅಲ್ಲಿ ಒಂಬತ್ತೂವರೆಗೆ ಬಫೆ ಎತ್ತಿಬಿಡುತ್ತಾರೆಂದು ಎಲ್ಲರನ್ನೂ ಎಬ್ಬಿಸಬೇಕು, ಇಲ್ಲಿ ಬೇಕಿಲ್ಲ.

ಮೊಬೈಲ್ ಕಿತ್ತಿಟ್ಟರೆ ರಜೆ ಚೆನ್ನಾಗಿ ಆಗುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ಅದು ಮೊದಲ ದಿನವೇ ಯುದ್ಧ ಘೋಷಣೆ ಮಾಡಿದಂತೆ. ಊಟದ ಹೊತ್ತು ಮತ್ತು ನೀರಿನ ಹೊತ್ತು ಫೋನ್ ಇಲ್ಲ, ಈ ನಿಯಮ ದೊಡ್ಡವರಿಗೂ ಅನ್ವಯ. ಅಷ್ಟು ಸಾಕು. ಅಂಗಡಿಯ ಕರೆ ಬಂತೆಂದು ಯಜಮಾನರು ಊಟದ ಮಧ್ಯೆ ಎದ್ದು ಹೋದರೆ ಆಮೇಲೆ ಮಕ್ಕಳಿಗೆ ಏನು ಹೇಳಿದರೂ ನಡೆಯುವುದಿಲ್ಲ.

ಅಸಲಿಗೆ ಹುಡುಗರು ಬೋರ್ ಅನ್ನುವುದು ಬಹಳ ಸಲ "ನನ್ನನ್ನು ಯಾರೂ ಕೇಳಲಿಲ್ಲ" ಎಂಬುದಕ್ಕೆ. ಮೂವರಿಗೂ ಒಂದೊಂದು ಮಧ್ಯಾಹ್ನವನ್ನು ಬಿಟ್ಟುಕೊಡಿ. ಆ ಹೊತ್ತು ಏನು ಮಾಡಬೇಕು, ಎಲ್ಲಿ ತಿನ್ನಬೇಕು ಎನ್ನುವುದು ಅವರ ತೀರ್ಮಾನ, ಒಂದು ಮೊತ್ತ ಅವರ ಕೈಗೆ. ನಾಲ್ಕು ದಿನದಲ್ಲಿ ಹೊರಗೆ ಹೋಗುವ ಕಾರ್ಯಕ್ರಮ ದಿನಕ್ಕೊಂದಕ್ಕಿಂತ ಹೆಚ್ಚು ಬೇಡ, ಒಂದು ದಿನ ಪೂರ್ತಿ ಖಾಲಿ ಇರಲಿ. ಇನ್ನೊಂದು ವಿಷಯ, ಕೋಣೆ. ಒಂಬತ್ತನೇ ತರಗತಿಯ ಹುಡುಗಿಗೆ ಬಾಗಿಲು ಹಾಕಿಕೊಳ್ಳಲು ಆಗುವ ಕೋಣೆ, ತನ್ನದೆಂಬ ಬಚ್ಚಲುಮನೆ ಬೇಕು. ಹಾಲ್‌ನಲ್ಲಿ ಹಾಸಿಗೆ ಹಾಕಿ ಮಲಗಿಸಿದರೆ ಅವಳ ರಜೆ ಅಲ್ಲಿಗೇ ಮುಗಿಯಿತು. ಅಜ್ಜಿಯ ಜೊತೆ ಹಂಚಿಕೊಳ್ಳಲು ಅವಳಿಗೆ ಒಪ್ಪಿಗೆಯೇ ಕೇಳಿ, ಒಪ್ಪಿದರೆ ಅಜ್ಜಿಗೂ ಸಂತೋಷ. ತಿಂಗಳ ಮುಟ್ಟಿನ ದಿನಾಂಕ ಆ ವಾರವೇ ಬಂದರೆ ನೀರಿಗಿಳಿಯದ ದಿನಗಳಿಗೆ ಅವಳಿಗೆ ಬೇರೇನಾದರೂ ಇರಲಿ, ಎಲ್ಲರೆದುರು ಕಾರಣ ಕೇಳುವ ಪ್ರಸಂಗ ಬರಬಾರದು.

ಸ್ಕೂಟರ್ ಮಾತ್ರ ಖಂಡಿತ ಬೇಡ. 18 ತುಂಬುವವರೆಗೆ, 16ರ ಮೇಲಿನವರಿಗೆ ಸಿಗುವ ಪರವಾನಗಿ 50 ಸಿಸಿವರೆಗಿನ ಗೇರಿಲ್ಲದ ಬಂಡಿಗಷ್ಟೇ. ಬಾಡಿಗೆಗೆ ಸಿಗುವ ಸ್ಕೂಟರ್‌ಗಳು ಅದರ ಎರಡು ಪಟ್ಟಿಗಿಂತ ದೊಡ್ಡವು. 2019ರ ತಿದ್ದುಪಡಿಯಾದ ಮೇಲೆ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಈ ಕೊನೆಯ ವಾಕ್ಯವನ್ನು ಅವನಿಗೆ ಓದಿ ಹೇಳಿ, ಮಿಕ್ಕಿದ್ದು ಅವನೇ ಬಿಡುತ್ತಾನೆ.

ಬದಲಿಗೆ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಮುಳುಗುವುದು, ಕೇಳಿದರೆ ಒಪ್ಪಿಕೊಳ್ಳಬಹುದು. ಮುರುಡೇಶ್ವರದಿಂದ ಸುಮಾರು 20 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಪರಿಚಯದ ಡೈವ್‌ಗೆ ಈಜು ಬರಲೇಬೇಕೆಂದಿಲ್ಲ, ತರಬೇತುದಾರ ಜೊತೆಗೇ ಇರುತ್ತಾನೆ. ಆದರೆ ಅಸ್ತಮಾ, ಮೂರ್ಛೆ, ಕಿವಿಯ ತೊಂದರೆ ಇದ್ದರೆ ಆರೋಗ್ಯದ ಫಾರಂನಲ್ಲಿ ಮುಚ್ಚಿಡಬೇಡಿ. ಮತ್ತೆ ಇದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಡೈವ್ ಆದ ಮೇಲೆ ಎತ್ತರಕ್ಕೆ ಏರಲು 12 ತಾಸಾದರೂ ಕಾಯುವುದು ಕ್ರಮ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಘಟ್ಟ ಹತ್ತುವುದೂ ಏರುವುದೇ.

ಇನ್ನು ನಿಮ್ಮ ವಿಶ್ರಾಂತಿ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಡುಗೆಮನೆ ಇರುವ ವಿಲ್ಲಾ ಹಿಡಿದು ಅಡುಗೆಯವರನ್ನು ಹಿಡಿಯದಿದ್ದರೆ, ದಾವಣಗೆರೆಯ ನಿಮ್ಮ ಒಲೆಯನ್ನೇ ಟಿಟಿಯಲ್ಲಿ ಹೇರಿಕೊಂಡು ಹೋದಂತೆ. ಎಂಟು ಜನಕ್ಕೆ ಮೂರು ಹೊತ್ತು ಮಾಡುವವರು ನೀವಿಬ್ಬರೇ ಆಗುತ್ತೀರಿ. ಸ್ಥಳೀಯ ಅಡುಗೆಯವರು ಸಿಗುತ್ತಾರೆಯೇ, ಸಾಮಾನು ಯಾರು ತರುತ್ತಾರೆ, ಅತ್ತೆಯವರಿಗೆ ಮೀನು ಮುಟ್ಟದ ಪಾತ್ರೆ ಬೇರೆ ಇದೆಯೇ ಎಂದು ಮೊದಲೇ ಕೇಳಿ. ಉತ್ತರ ಕನ್ನಡದ ಕಡೆ ತಂಬುಳಿ, ನೀರುದೋಸೆ, ಕುಚಲಕ್ಕಿ ಅನ್ನ ಒಮ್ಮೆ ಮಾಡಿಸಿ. ತೆಂಗಿನೆಣ್ಣೆ ಒಗ್ಗದ ಮಕ್ಕಳಿಗೆ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಜೊತೆಗಿದ್ದರೆ ಸಾಕು.

ವಿಲ್ಲಾ ಅಗ್ಗ ಎನ್ನುವುದೂ ಪೂರ್ತಿ ನಿಜವಲ್ಲ. ಜಾಹೀರಾತಿನ ಬಾಡಿಗೆಗೆ ತೆರಿಗೆ, ಅಡುಗೆಯವರ ಕೂಲಿ, ದಿನಸಿ, ಸ್ವಚ್ಛತೆಯ ಶುಲ್ಕ, ಕೆಲವೆಡೆ ಎಸಿಯ ಕರೆಂಟಿಗೆ ಬೇರೆ ಲೆಕ್ಕ, ವಾಪಸ್ ಕೊಡುವ ಠೇವಣಿ ಎಲ್ಲ ಸೇರಿಸಿ ಎಂಟರಿಂದ ಭಾಗಿಸಿ. ಆಮೇಲೆ ಅದೇ ಊರಿನ ಒಳ್ಳೆಯ ಹೋಟೆಲಿನ ಮೂರು ಕೋಣೆಗಳ ಜೊತೆ ಹೋಲಿಸಿ. ಎಷ್ಟೋ ಸಲ ವ್ಯತ್ಯಾಸವೇ ಇರುವುದಿಲ್ಲ. ಆಗಲೂ ವಿಲ್ಲಾ ಬೇಕು ಅನ್ನಿಸಿದರೆ ಅದು ಒಟ್ಟಿಗೆ ಇರುವುದಕ್ಕಾಗಿ, ಉಳಿತಾಯಕ್ಕಾಗಿ ಅಲ್ಲ. "ಬೀಚಿಗೆ ಎರಡು ನಿಮಿಷ" ಎಂದು ಬರೆದಿದ್ದರೆ ಕಾರಿನಲ್ಲೋ ಕಾಲ್ನಡಿಗೆಯಲ್ಲೋ ಎಂದು ಕೇಳಿ, ಉಪಗ್ರಹ ನಕ್ಷೆಯಲ್ಲಿ ನೀವೇ ನೋಡಿ. ನಡುವೆ ಹೆದ್ದಾರಿ, ರೈಲು ಹಳಿ ಅಥವಾ ಗುಡ್ಡದ ಮೆಟ್ಟಿಲು ಇದ್ದರೆ ಅಲ್ಲೇ ಕಾಣುತ್ತದೆ.

ಮುಂಗಡದ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಬೇರೆಯವರ ವಿಲ್ಲಾದ ಫೋಟೊ ಹಾಕಿ ಹಣ ಕೀಳುವವರು ರಜೆಯ ತಿಂಗಳಲ್ಲಿ ಹುಟ್ಟಿಕೊಳ್ಳುತ್ತಾರೆ. ಫೋಟೊಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಅದೇ ಮನೆ ಬೇರೆ ಊರಿನ ಹೆಸರಿನಲ್ಲಿ ಸಿಕ್ಕರೆ ಅಲ್ಲಿಗೇ ಬಿಡಿ. ವಿಡಿಯೊ ಕಾಲ್‌ನಲ್ಲಿ ಗೇಟಿನಿಂದ ಕೊಳದವರೆಗೆ ನಡೆದು ತೋರಿಸಲಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಅಥವಾ ಸ್ಥಳೀಯ ಪಂಚಾಯ್ತಿಯ ಪರವಾನಗಿಯ ಪ್ರತಿ ಕೇಳಿ. ಹಣ ಹೋಗುವ ಖಾತೆಯ ಹೆಸರು ಆ ವಿಲ್ಲಾದ ಅಥವಾ ಮಾಲೀಕರ ಹೆಸರಿನಲ್ಲೇ ಇರಬೇಕು, ರಸೀದಿ ಮತ್ತು ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದು ಬರಹದಲ್ಲಿ ಬರಬೇಕು. ಅರ್ಧ ಎಂದವರಿಗೆ ಕಾಲು ಭಾಗ ಕೊಡುತ್ತೇನೆ ಎಂದು ಕೇಳಿ ನೋಡಿ, ನಿಜವಾದ ಮಾಲೀಕರು ಸಾಮಾನ್ಯವಾಗಿ ಚೌಕಾಸಿಗೆ ನಿಲ್ಲುತ್ತಾರೆ, ಮೋಸಗಾರರು ಅವಸರ ಮಾಡುತ್ತಾರೆ. "ಹಣ ವಾಪಸ್ ಹಾಕುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದರೆ ಅದು ಕಳ್ಳತನವೇ, ಹಣ ಬರಲು ಪಿನ್ ಬೇಕಿಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ದಿನಾಂಕ. ಸಾಧ್ಯವಿದ್ದರೆ ಡಿಸೆಂಬರ್ ಕೊನೆಯ ವಾರವನ್ನು ಬಿಟ್ಟು ಸಂಕ್ರಾಂತಿ ಕಳೆದ ಮೇಲಿನ ಒಂದು ಗುರುವಾರದಿಂದ ಸೋಮವಾರದವರೆಗೆ ಇಟ್ಟುಕೊಳ್ಳಿ, ಗಣರಾಜ್ಯೋತ್ಸವದ ಉದ್ದ ರಜೆ ಮಾತ್ರ ತಪ್ಪಿಸಿ. ಸಮುದ್ರ ಆಗಲೂ ಅಷ್ಟೇ ಚೆನ್ನಾಗಿರುತ್ತದೆ, ಬಾಡಿಗೆ ಇಳಿದಿರುತ್ತದೆ, ಶಾಲಾ ಪ್ರವಾಸಗಳ ಬಸ್ಸುಗಳೂ ಕಡಿಮೆಯಾಗಿರುತ್ತವೆ. ನಿಮ್ಮ ಮೂವರು ಮಕ್ಕಳಲ್ಲಿ ಯಾರಿಗೂ ಈ ವರ್ಷ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಪರೀಕ್ಷೆ ಇಲ್ಲ, ಮುಂದಿನ ವರ್ಷ ಇಬ್ಬರಿಗೆ ಇದೆ. ಎರಡು ಮೂರು ದಿನದ ರಜೆ ಚೀಟಿ ಬರೆಯಲು ಶಿಕ್ಷಕಿಯಾದ ನಿಮಗೆ ಮನಸ್ಸು ಬಾರದಿರಬಹುದು. ಈ ವರ್ಷ ಬರೆದುಬಿಡಿ.